ಗಟಗಟ ನೀರು ಕುಡಿದವನು

“ಮೇಡಂ, ಕುರ್ಚಿ ಬಿಟ್ಟು ಏಳಿ.”

“ಏಳಲ್ಲ.”

“ಸಂಜೆ ಹೆಲ್ತ್ ಆಫೀಸರ್ ಬಂದು ಸೀಲ್ ಹಾಕ್ತಾರೆ. ಒಳಗೆ ಯಾರೂ ಇರ್ಬಾರ್ದು ಅಂತ ಆರ್ಡರ್ ಇದೆ ಮೇಡಂ.”

“ಹಾಕ್ಲಿ. ನನ್ನನ್ನೂ ಸೇರಿಸಿ ಹಾಕ್ಲಿ. ಬೀಗಕ್ಕೆ ಅಂಟಿಸೋ ಅರಗಲ್ಲಿ ಸ್ವಲ್ಪ ಉಳಿಸಿ ನನ್ನ ತಲೆ ಮೇಲೂ ಇಡೋಕೆ ಹೇಳು.”

ಕಾನ್‌ಸ್ಟೇಬಲ್ ಶಿವಶಂಕರ್ ಟೋಪಿ ತೆಗೆದು ತಲೆ ಕೆರೆದುಕೊಂಡ. ಬೇರೆ ಯಾವ ಪೇಷಂಟ್ ಆಗಿದ್ದರೂ ಗದರಿಸಿ ಎಬ್ಬಿಸುತ್ತಿದ್ದ. ಆದರೆ ಈ ಯಮುನಾ ಮೂತ್ರಪಿಂಡ ಕೈಕೊಡುವವರೆಗೂ ಕ್ರೈಂ ವಿಭಾಗದಲ್ಲಿ ಸಬ್ ಇನ್‌ಸ್ಪೆಕ್ಟರ್ ಆಗಿದ್ದವಳು. ಕಳ್ಳನನ್ನು ಹಿಡಿಯುವ ಮೊದಲ ಪಾಠ ಇವನಿಗೆ ಹೇಳಿಕೊಟ್ಟವಳೇ ಅವಳು. ಗುರುವಿಗೇ ತಿರುಮಂತ್ರ ಹಾಕುವ ಧೈರ್ಯ ಅವನಲ್ಲಿರಲಿಲ್ಲ.

ಅದೂ ಅಲ್ಲದೆ, ಕೂತವಳು ಅವಳೊಬ್ಬಳೇ ಅಲ್ಲ. ‘ಒರತೆ’ ಟ್ರಸ್ಟಿನ ಡಯಾಲಿಸಿಸ್ ಕೇಂದ್ರದ ಎಲ್ಲ ಕುರ್ಚಿಗಳೂ ಆ ಶನಿವಾರ ಬೆಳಿಗ್ಗೆ ಭರ್ತಿಯಾಗಿದ್ದವು. ಯಂತ್ರಗಳು ಮಾತ್ರ ಬಾಯಿ ಮುಚ್ಚಿಕೊಂಡು ನಿಂತಿದ್ದವು.

ಗುರುವಾರ ಬೆಳಿಗ್ಗೆ ಇದೇ ಯಂತ್ರಗಳ ನೀರಿಗೆ ಕ್ಲೋರಿನ್ ಸೇರಿ, ಗ್ರಾನೈಟ್ ಪಾಲಿಶ್ ಮಾಡುತ್ತಿದ್ದ ನಲ್ಲಪ್ಪ ಕುರ್ಚಿಯಲ್ಲೇ ಸತ್ತಿದ್ದ. ಇನ್ನೂ ಮೂವರು ಆಸ್ಪತ್ರೆಯಲ್ಲಿದ್ದರು.

ಡಯಾಲಿಸಿಸ್ ಯಂತ್ರ ರಕ್ತ ತೊಳೆಯಲು ಕುಡಿಯುವುದು ನೀರನ್ನೇ. ಜಿಗಣಿಯ ಟ್ಯಾಂಕರ್ ನೀರಿನಲ್ಲಿ ಕ್ಲೋರಿನ್ ಇದ್ದೇ ಇರುತ್ತದೆ. ಅದನ್ನು ಇದ್ದಿಲಿನ ದೊಡ್ಡ ತೊಟ್ಟಿಯೊಂದು ಹೀರಿಕೊಳ್ಳಬೇಕು. ಹೀರಿಕೊಳ್ಳದಿದ್ದರೆ ನಾವು ನೀವು ಲೋಟಗಟ್ಟಲೆ ಕುಡಿದು ಅರಗಿಸಿಕೊಳ್ಳುವ ಅದೇ ನೀರು, ಇವರ ರಕ್ತವನ್ನು ಕೊಳವೆಯಲ್ಲೇ ಒಡೆದುಹಾಕುತ್ತದೆ. ಗುರುವಾರ ಆ ತೊಟ್ಟಿಯ ವಾಲ್ವಿನ ತಿರುಪು ಅಡ್ಡಕ್ಕೆ ತಿರುಗಿತ್ತು. ನೀರು ಇದ್ದಿಲನ್ನು ಮುಟ್ಟದೆ ಬಳಸಿಕೊಂಡು ಬಂದಿತ್ತು.

ನೀರಿನ ಕೋಣೆ ನೋಡಿಕೊಳ್ಳುವ ಟೆಕ್ನಿಷಿಯನ್ ಹನುಮೇಶ, “ಬೆಳಿಗ್ಗೆ ಹನಿ ಹಾಕಿ ನೋಡ್ದೆ ಸಾರ್, ಬಣ್ಣಾನೇ ಬರ್ಲಿಲ್ಲ” ಎಂದು ಅತ್ತ. ನೀರಿಗೆ ಔಷಧದ ಹನಿ ಹಾಕಿದಾಗ ಬಣ್ಣ ಬಾರದಿದ್ದರೆ ಕ್ಷೇಮ, ಗುಲಾಬಿಯಾದರೆ ಕ್ಲೋರಿನ್. ಅವನು ನೋಡಿ ಬಂದ ಮೇಲೆ ಯಾರೋ ತಿರುಪು ತಿರುಗಿಸಿರಬಹುದು ಎಂದು ಪೊಲೀಸರಿಗೆ ಹೊಳೆಯಲೇ ಇಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ನಮ್ಮಲ್ಲಿ ಹಳೆಯ ಪದ್ಧತಿ. ಹನುಮೇಶ ಲಾಕಪ್ಪಿಗೆ ಹೋದ. ಪೊಲೀಸರು ತಿರುಪನ್ನು ಮತ್ತೆ ನೇರ ಮಾಡಿಸಿ ನೀರಿನ ಕೋಣೆಗೆ ಬೀಗ ಹಾಕಿದರು. ಕೀಲಿ ಟ್ರಸ್ಟ್ ಕಟ್ಟಿದ ಡಾಕ್ಟರ್ ಮಹಾದೇವಿಯವರ ಕೈಗೆ ಹೋಯಿತು.

ಯಮುನಾ ತನ್ನ ಪಾದದತ್ತ ನೋಡಿಕೊಂಡಳು. ಚಪ್ಪಲಿಯ ಪಟ್ಟಿ ಮಾಂಸದೊಳಗೆ ಹೂತುಹೋಗಿತ್ತು. ಗುರುವಾರ ಅವಳು ಬಂದದ್ದೇ ತಡವಾಗಿ; ಸೂಜಿ ಹಾಕಿಸಿಕೊಳ್ಳಲು ಅವಳ ಸರದಿ ಬರುವ ಮೊದಲೇ ನಲ್ಲಪ್ಪ ಎದೆ ಹಿಡಿದುಕೊಂಡಿದ್ದ. ಹಾಗಾಗಿ ಜೀವ ಉಳಿದಿತ್ತು, ಡಯಾಲಿಸಿಸ್ ತಪ್ಪಿತ್ತು. ಈಗ ಮಲಗಿದರೆ ಉಸಿರು ಕಟ್ಟುತ್ತಿತ್ತು.

“ಸಿಟೀಲಿ ನಿಮಗೊಂದು ಕುರ್ಚಿ ಕೊಡ್ಸೋಣ ಮೇಡಂ,” ಶಿವಶಂಕರ್ ದನಿ ತಗ್ಗಿಸಿದ. “ಡಿಪಾರ್ಟ್‌ಮೆಂಟ್‌ನೋರು ಹೇಳಿದ್ರೆ ಆಗತ್ತೆ.”

“ಇವರಿಗೆ?”

ಅವನು ಸುತ್ತ ನೋಡಿದ. ಕಲ್ಲಿನ ಧೂಳು ಕುಡಿದು ಮೈಕೈ ನೋವಿಗೆ ಮಾತ್ರೆ ನುಂಗಿ ನುಂಗಿ ಬಂದವರು, ಸೆಕ್ಯೂರಿಟಿ ಗಾರ್ಡುಗಳು, ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಶೌಚಕ್ಕೆ ಬಿಡುವುದಿಲ್ಲವೆಂದು ದಿನವಿಡೀ ನೀರು ಮುಟ್ಟದೆ ಹೊಲಿದ ಹೆಣ್ಣುಮಕ್ಕಳು. ಅಂಥವರಿಗೆ ರೋಗ ಬರುವ ಮೊದಲೇ ಬಿ.ಪಿ. ನೋಡಿ ಮೂತ್ರ ಪರೀಕ್ಷೆ ಮಾಡಲೆಂದು ಒರತೆಯ ವ್ಯಾನು ಫ್ಯಾಕ್ಟರಿ ಗೇಟುಗಳಿಗೆ ಹೋಗುತ್ತಿತ್ತು. ತಡವಾಗಿ ಸಿಕ್ಕವರು ಈ ಕುರ್ಚಿಗಳಿಗೆ ಬರುತ್ತಿದ್ದರು. ಇದು ಮುಚ್ಚಿದರೆ ಅವರಿಗೆ ಬೇರೆ ಕುರ್ಚಿ ಇರಲಿಲ್ಲ. ಕುರ್ಚಿ ಇಲ್ಲದಿದ್ದರೆ ಒಂದೆರಡು ವಾರದಲ್ಲಿ ಅವರೂ ಇರುತ್ತಿರಲಿಲ್ಲ.

“ಸಂಜೆವರೆಗೂ ಟೈಮಿದೆ ಅಂದ್ಯಲ್ಲ,” ಎಂದಳು ಯಮುನಾ. “ಅಷ್ಟರೊಳಗೆ ಕೊಂದೋನು ಹನುಮೇಶ ಅಲ್ಲ ಅಂತ ತೋರಿಸ್ತೀನಿ. ಆಮೇಲೆ ಅದ್ಯಾರು ಸೀಲ್ ಹಾಕ್ತಾರೋ ಹಾಕ್ಲಿ, ನೋಡ್ತೀನಿ.”

ಪಕ್ಕದ ಕುರ್ಚಿಯ ಮುನಿಯಕ್ಕ ಕೈಚಾಚಿ ಯಮುನಾಳ ಎಡಗೈ ಮೇಲೆ ಎರಡು ಬೆರಳಿಟ್ಟಳು. ಜಿಗಣಿ ಸರ್ಕಲ್ಲಿನಲ್ಲಿ ಸೊಪ್ಪು ಮಾರುವ ಹೆಂಗಸು ಅವಳು. ಒರತೆಯಲ್ಲಿ ಯಾರೂ ನಮಸ್ಕಾರ ಹೇಳುವುದಿಲ್ಲ, ಹೀಗೆ ಬೆರಳಿಡುತ್ತಾರೆ. ಸೂಜಿ ಹಾಕಲೆಂದು ಆಪರೇಷನ್ ಮಾಡಿ ಎರಡು ರಕ್ತನಾಳ ಕೂಡಿಸಿದ ಜಾಗವದು. ಬೆಂಕಿಪೊಟ್ಟಣದಲ್ಲಿ ಹಿಡಿದಿಟ್ಟ ಜೀರುಂಡೆಯ ಹಾಗೆ ಚರ್ಮದ ಕೆಳಗೆ ಸದಾ ಝುಮ್ಮೆನ್ನುತ್ತಿರುತ್ತದೆ. ಅದು ನಿಂತರೆ ಎಲ್ಲವೂ ನಿಂತ ಹಾಗೆ.

“ಓಡ್ತಾ ಐತೆ,” ಎಂದಳು ಮುನಿಯಕ್ಕ. “ಇನ್ನೇನ್ ಬೇಕು? ಕೇಳವ್ವಾ ನೀ ಕೇಳೋದ್ನ.”

“ಗುರುವಾರ ನೀರಿನ ಕೋಣೆ ಹತ್ರ ಯಾರಿದ್ರು?”

“ಆ ಹೊಸ ಪೇಷಂಟು. ಕೈಗೆ ಬ್ಯಾಂಡೇಜ್ ಸುತ್ಕಂಡ್ ಬಂದಿದ್ನಲ್ಲ, ಕುರ್ಚಿ ಖಾಲಿ ಆಗ್ಲಿ ಅಂತ ಬೆಂಚ್ ಮ್ಯಾಲೆ ಕುಂತಿದ್ದ.”

“ಹೇಗಿದ್ದ ನೋಡೋಕೆ?”

ಮುನಿಯಕ್ಕ ಬೆಂಚಿನತ್ತ ನೋಡಿದಳು. “ಮಾಸ್ಕ್ ಆಕ್ಕಂಡಿದ್ದ. ಮೊಕ ನೋಡ್ಲಿಲ್ಲ ಕಣವ್ವ.”

“ಎತ್ತರ? ಬಣ್ಣ? ಶರ್ಟು?”

ಊಹೂಂ. ಎದುರು ಸಾಲಿನ ಗಾರ್ಡ್ ತಲೆಯಾಡಿಸಿದ. ಗಾರ್ಮೆಂಟ್ಸಿನ ಹುಡುಗಿ ತುಟಿ ಕಚ್ಚಿದಳು. ಇಷ್ಟು ಜನರ ಕಣ್ಣೆದುರು ಕೂತಿದ್ದವನ ಬಗ್ಗೆ ಯಾರಿಗೂ ಒಂದು ಗುರುತೂ ನೆನಪಿರಲಿಲ್ಲ. ಯಮುನಾಳಿಗೆ ರೇಗಿತು.

“ಏನ್ರಪ್ಪಾ, ಎಲ್ಲಾರೂ ಕಣ್ಮುಚ್ಕೊಂಡಿದ್ರಾ? ಏನಾದ್ರೂ ಒಂದು ಹೇಳಿ!”

“ಅವನ್ದು ಬಾಟಲ್ ನೆನಪಿದೆ ಅಕ್ಕ,” ಎಂದಳು ಗಾರ್ಮೆಂಟ್ಸಿನ ಹುಡುಗಿ ಮೆಲ್ಲಗೆ. “ಸ್ಟೀಲ್ ಬಾಟಲ್. ನೀಲಿ ಮುಚ್ಚಳ.”

“ಕೊಕ್ಕರೆ ಚಿತ್ರ ಇತ್ತು ಅದ್ರ ಮೇಲೆ,” ಗಾರ್ಡ್ ಮುಂದಕ್ಕೆ ಬಾಗಿದ. “ಕತ್ತಿನ ಹತ್ರ ತಗ್ಗು ಬಿದ್ದಿತ್ತು.”

“ಐಸ್ ನೀರು ಕಣ್ರೀ! ಹೊರಗೆಲ್ಲಾ ಬೆವರಿತ್ತು,” ಕೊನೆಯ ಕುರ್ಚಿಯಿಂದ ಯಾರೋ ಕೂಗಿದರು. “ಒಂದ್ ಹನಿ ಜಾರಿ ಅವನ ಬೆರಳ ಮೇಲೆ ಬಿತ್ತು. ಒರೆಸಿಕೊಂಡ್ಬಿಟ್ಟ ಪಾಪಿ.”

“ಗಟಗಟಾ ಅಂತ ಎತ್ತಿದ್ನವ್ವಾ,” ಮುನಿಯಕ್ಕನ ದನಿ ಈಗ ಬೇರೆಯೇ ಆಗಿತ್ತು. “ಗಂಟ್ಲು ಮ್ಯಾಕೆ ಕೆಳಗೆ ಆಡ್ತಿತ್ತು. ಪೂರ್ತಿ ಬಾಟ್ಲಿ. ನಾವೆಲ್ಲಾ ನೋಡ್ತಾನೇ ಇದ್ವಿ.”

ಎಲ್ಲರೂ ಒಮ್ಮೆಲೇ ಉಗುಳು ನುಂಗಿದರು.

ನೀರಡಿಕೆ ಎಂದರೆ ಏನೆಂದು ಇವರನ್ನು ಕೇಳಬೇಕು. ಮೂತ್ರವಿಲ್ಲದ ಮೈಗೆ ಕುಡಿದ ನೀರು ಹೊರಗೆ ಹೋಗಲು ದಾರಿಯಿಲ್ಲ. ಅದು ಕಾಲಿಗೆ, ಮುಖಕ್ಕೆ, ಕಡೆಗೆ ಶ್ವಾಸಕೋಶಕ್ಕೇ ಇಳಿಯುತ್ತದೆ. ಹಾಗಾಗಿ ಇವರು ಗುಟುಕು ಲೆಕ್ಕದಲ್ಲಿ ಬದುಕುತ್ತಾರೆ. ನಾಲಗೆ ಒಣಗಿದರೆ ಒಂದು ಚೂರು ಐಸ್ ಚೀಪುತ್ತಾರೆ. ಕಣ್ಣೆದುರು ಒಬ್ಬ ಬಾಟಲಿ ಎತ್ತಿದರೆ ಅವರು ಮುಖ ನೋಡುವುದಿಲ್ಲ, ಬಾಟಲಿಯನ್ನೇ ನೋಡುತ್ತಾರೆ.

ಯಮುನಾ ಕುರ್ಚಿಯಲ್ಲಿ ನೆಟ್ಟಗಾದಳು.

“ಮುನಿಯಕ್ಕ, ನೀನು ಕೊನೇ ಸಲ ಹಾಗೆ ನೀರು ಕುಡಿದಿದ್ದು ಯಾವಾಗ?”

“ನಾನಾ? ಅಂಗೆ ಕುಡುದ್ರೆ ಬೆಳಗಾಗೋದ್ರೊಳಗೆ ಸತ್ತೋಯ್ತೀನಿ!” ಎಂದ ಮುನಿಯಕ್ಕ ಅಲ್ಲೇ ತಡೆದಳು. ಅವಳ ಕಣ್ಣುಗಳು ಅಗಲವಾದವು. “ಅಯ್ಯೋ ನನ್ ಸವತಿ ಬಡ್ಡೆತ್ತದ್ದೇ. ಅವ್ನು ಪೇಷಂಟೇ ಅಲ್ಲ!”

ಬ್ಯಾಂಡೇಜ್ ಸುತ್ತಿಕೊಳ್ಳಲು ಯಾರಿಗೂ ಬರುತ್ತದೆ. ಬಾಯಾರಿಕೆಯನ್ನು ನಟಿಸಲು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

“ಬಾಟಲ್ ಸಿಕ್ರೆ ಆಳು ಸಿಕ್ತಾನೆ,” ಯಮುನಾ ಎದ್ದಳು. ತಲೆ ಗಿರ್ರೆಂದಿತು, ಕುರ್ಚಿಯ ತೋಳು ಹಿಡಿದು ನಿಂತಳು. ಹೆಗಲ ಮೇಲಿದ್ದ ಟವೆಲ್ ತೆಗೆದು ಕುರ್ಚಿಯ ಮೇಲೆ ಹಾಸಿದಳು, ಬಸ್ಸಿನಲ್ಲಿ ಸೀಟು ಹಿಡಿಯುವ ಹಾಗೆ. “ಶಿವಶಂಕರ್, ಇದು ನನ್ನ ಜಾಗ. ಯಾರಾದ್ರೂ ಟವೆಲ್ ಮುಟ್ಟಿದ್ರೆ ನೀನೇ ಜವಾಬ್ದಾರಿ.”

“ಎಲ್ಲಿಗೆ ಮೇಡಂ?”

“ಶ್ಯಾಮಣ್ಣನ ಮನೆಗೆ.”

ಯಾರೂ ಆಶ್ಚರ್ಯಪಡಲಿಲ್ಲ. ಕಟ್ಟಡ ಶ್ಯಾಮಣ್ಣನದು. ಎಡಕ್ಕೂ ಬಲಕ್ಕೂ ಅಪಾರ್ಟ್‌ಮೆಂಟುಗಳು ಎದ್ದು, ನಡುವಿನ ಈ ಜಾಗದ ಮೇಲೆ ಬಿಲ್ಡರುಗಳ ಕಣ್ಣು ಬಿದ್ದಿತ್ತು. ರೋಗಿಗಳನ್ನು ಓಡಿಸಲು ಮುದುಕ ಕಾಯುತ್ತಿದ್ದಾನೆ ಎಂದು ಜಿಗಣಿಗೆ ಜಿಗಣಿಯೇ ಹೇಳುತ್ತಿತ್ತು.

*

ಹಿಂದಿನ ಬೀದಿಯಲ್ಲೇ ಶ್ಯಾಮಣ್ಣನ ಮನೆ. ಒಂದು ಕಾಲಕ್ಕೆ ದನದ ಕೊಟ್ಟಿಗೆ ಇದ್ದಲ್ಲಿ ಈಗ ಐ.ಟಿ. ಹುಡುಗರ ಪಿ.ಜಿ. ಎದ್ದಿತ್ತು. ಮುದುಕ ಜಗಲಿಯ ಬೆತ್ತದ ಕುರ್ಚಿಯಲ್ಲಿ, ಆ ಸೆಕೆಯಲ್ಲೂ ತುಂಬುತೋಳಿನ ಅಂಗಿಯ ಗುಂಡಿ ಹಾಕಿಕೊಂಡು ಕೂತಿದ್ದ.

“ಏನವ್ವಾ ಪೊಲೀಸಮ್ಮ, ಬಾಡಿಗೆ ಮನೆ ಉಡುಕ್ಕಂಡ್ ಬಂದ್ಯಾ?”

“ಇಲ್ಲ. ನಲ್ಲಪ್ಪನ್ನ ಕೊಂದೋರನ್ನ ಹುಡುಕ್ಕೊಂಡ್ ಬಂದೆ.”

ಶ್ಯಾಮಣ್ಣನ ನಗು ಅಲ್ಲೇ ನಿಂತಿತು. ಅಷ್ಟರಲ್ಲಿ ಅವನ ಹೆಂಡತಿ ಕೃಷ್ಣಮ್ಮ ಮಜ್ಜಿಗೆ ತಂದಳು. ಯಮುನಾಳಿಗೆ ದೊಡ್ಡ ಲೋಟ. ಗಂಡನಿಗೆ ಮಗುವಿಗೆ ಔಷಧ ಕುಡಿಸುವಂಥ ಪುಟ್ಟದೊಂದು ಲೋಟ. ಅವನು ಅದನ್ನು ಬಲಗೈಯಲ್ಲಿ ತೆಗೆದುಕೊಂಡು ತುಟಿ ಒದ್ದೆ ಮಾಡಿ ಕೆಳಗಿಟ್ಟ. ಎಡಗೈ ತೊಡೆಯ ಮೇಲಿಂದ ಅಲುಗಲಿಲ್ಲ.

ಯಮುನಾ ತನ್ನ ಲೋಟ ಮುಟ್ಟಲಿಲ್ಲ. ಅವಳ ಕಣ್ಣು ಕಿಟಕಿಯ ಕಟ್ಟೆಗೆ ಹೋಗಿತ್ತು. ಸ್ಟೀಲ್ ಬಾಟಲಿ. ನೀಲಿ ಮುಚ್ಚಳ. ಒಂಟಿ ಕಾಲಲ್ಲಿ ನಿಂತ ಕೊಕ್ಕರೆ. ಕತ್ತಿನ ಬಳಿ ತಗ್ಗು.

ಅವಳ ಕೋಪ ನೆತ್ತಿಗೇರಿತು. ನಲ್ಲಪ್ಪನ ಕೊಳವೆಯಲ್ಲಿ ರಕ್ತ ಕಪ್ಪುಗೆಂಪಾದದ್ದು ಮತ್ತೆ ಕಣ್ಣಿಗೆ ಬಂತು.

“ಯಾರನ್ನ ಕಳ್ಸಿದ್ರಿ ಶ್ಯಾಮಣ್ಣೋರೆ, ಗುರುವಾರ?”

“ಯಾರ್‌ನೂ ಕಳ್ಸಿಲ್ಲ. ಏನ್ ಮಾತು ಅಂತ ಆಡ್ತೀಯಾ?”

“ಜಾಗ ಖಾಲಿ ಆಗ್ಬೇಕು. ಓಡ್ಸಿದ್ರೆ ಊರು ಉಗಿಯತ್ತೆ. ಅವರೇ ಸತ್ತು ಸರ್ಕಾರಾನೇ ಬೀಗ ಹಾಕಿದ್ರೆ? ಹಾವೂ ಸಾಯತ್ತೆ, ಕೋಲೂ ಮುರಿಯಲ್ಲ. ಅಷ್ಟೇ ತಾನೇ?”

“ನನ್ ಜಗ್ಲಿ ಮ್ಯಾಲೆ ಕುಂತು ನನ್ನೇ ಕೊಲೆಗಾರ ಅಂತೀಯಾ!” ಮುದುಕ ಎದ್ದು ನಿಂತ. “ಏಳು. ಏಳ್ ಮ್ಯಾಕೆ!”

“ಬೆಳಿಗ್ಗೆಯಿಂದ ಎಲ್ಲಾರೂ ನನಗೆ ಏಳು ಏಳು ಅಂತಾನೇ ಹೇಳ್ತಿದೀರಿ. ಏಳಲ್ಲ. ಆ ಬಾಟಲ್ ಯಾರ್ದು, ಹೇಳಿ.”

ಅವನು ಬಾಟಲಿಯತ್ತ ನೋಡಿದ. ನೋಟದಲ್ಲಿ ಗಾಬರಿ ಇರಲಿಲ್ಲ. ಬರೀ ಗೊಂದಲ. ಕುಂಬಳಕಾಯಿ ಕಳ್ಳ ಎಂದರೂ ಹೆಗಲು ಮುಟ್ಟಿಕೊಳ್ಳದ ಈ ಆಸಾಮಿಯನ್ನು ಯಮುನಾ ಆಗ ಮೊದಲ ಸಲ ಸರಿಯಾಗಿ ನೋಡಿದಳು. ಪಂಚೆಯ ಕೆಳಗೆ ಊದಿದ ಕಣಕಾಲು. ಬೂದಿ ಬಣ್ಣದ ಮುಖ. ಸೆಕೆಯಲ್ಲಿ ತುಂಬುತೋಳು. ಪುಟ್ಟ ಲೋಟ.

ಅವಳು ಪಟ್ಟನೆ ಕೈಚಾಚಿ ಅವನ ಎಡ ಮುಂಗೈ ಹಿಡಿದಳು.

“ಏಯ್! ಆ ಕೈ ಬುಡು! ಆ ಕೈ ಮುಟ್‌ಬ್ಯಾಡ!”

ಅದು ಬೈಗುಳವಲ್ಲ. ಒರತೆಯಲ್ಲಿ ದಿನಕ್ಕೊಮ್ಮೆಯಾದರೂ ಯಾರಾದರೊಬ್ಬರು ಹಾಕುವ ಕೂಗು ಅದು. ಬಿ.ಪಿ. ಪಟ್ಟಿ ತಪ್ಪು ಕೈಗೆ ಸುತ್ತಲು ಹೋದಾಗ, ಮಗು ಬಂದು ಆ ತೋಳಿನ ಮೇಲೆ ಕೂತಾಗ.

ಅಂಗಿಯ ಬಟ್ಟೆಯ ಕೆಳಗೆ, ಅವಳ ಎರಡು ಬೆರಳ ತುದಿಗೆ ಝುಮ್ಮೆಂದಿತು.

ಯಮುನಾಳ ಕೋಪ ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ.

“ಓಡ್ತಾ ಇದೆ,” ಎಂದಳು.

ಶ್ಯಾಮಣ್ಣ ಕುಸಿದು ಕೂತ. ಕೃಷ್ಣಮ್ಮ ಬಾಗಿಲಲ್ಲೇ ಸೆರಗು ಬಾಯಿಗಿಟ್ಟುಕೊಂಡಳು.

“ಸಕ್ಕರೆ ಕಾಯ್ಲೆ ತಿಂದಾಕ್ತು,” ಎಂದ ಮುದುಕ. “ಸಿಟೀಗ್ ಓಗಿ ಗುಟ್ಟಾಗಿ ಕೈ ಕುಯ್ಸ್ಕಂಡ್ ಬಂದೆ. ಇನ್ನೇನು, ಮುಂದಿನ ತಿಂಗ್ಳಿಂದ ಮಿಷಿನ್‌ಗೆ ಕುಂತ್ಕಳಿ ಅಂದವ್ರೆ. ಊರಿಗೆಲ್ಲಾ ಯಜಮಾನ ಅನ್ನುಸ್ಕಂಡು, ನನ್ ಬಾಡಿಗೆದಾರ್ರ ಕುರ್ಚೀಲೇ ಓಗಿ ಎಂಗವ್ವಾ ಕುಂತ್ಕಳ್ಲಿ ಅಂತ ನಾಚ್ಕೆ ಆಯ್ತಿತ್ತು. ಆದ್ರೂ ಕುಂತ್ಕಳೋದು ಅಲ್ಲೇ ಅಂತ ಮನ್ಸು ಮಾಡಿದ್ದೆ. ನನ್ ಬಾವಿಗೆ ನಾನೇ ಇಸ ಆಕ್ಕಂತೀನಾ, ನೀನೇ ಯೋಚ್ನೆ ಮಾಡು.”

“ಬಿಲ್ಡರ್‌ಗೆ ಜಾಗ ಕೊಡ್ತೀರಿ ಅಂತ ಊರೆಲ್ಲಾ...”

“ಊರ್ ಬಾಯಿಗೆ ಬೀಗ ಆಕಕ್ಕಾಯ್ತದಾ? ಖಾಲಿ ಮಾಡು ಅಂತ ನಾನ್ ಒಂದ್ ಸಲಾನೂ ಕೇಳಿಲ್ಲ. ಟ್ರಸ್ಟ್‌ನಾಗೆ ದುಡ್ಡಿಲ್ಲ, ಖಾಲಿ ಮಾಡ್ತೀವಿ ಅಂತ ಅವ್ರೇ ಬಂದಿದ್ರು, ಬುಧವಾರ. ನಾನೇ ಆಗಲ್ಲ ಅಂದೆ. ಸರ್ಕಾರವೇ ಮುಚ್ಚುಸ್ದೆ ಇದ್ರೆ ಒಪ್ಪಂದ ಮುಗಿಯೋಗಂಟ ನಡುಸ್ಲೇಬೇಕು ಅಂತ ಅಟ ಇಡ್ದೆ.”

“ಅವ್ರು ಅಂದ್ರೆ ಯಾರು?”

“ಇನ್ಯಾರು? ನಿಮ್ ಮಹಾದೇವಿ ಡಾಕ್ಟ್ರಮ್ಮ.”

ಯಮುನಾಳ ಕಣ್ಣು ಮತ್ತೆ ಬಾಟಲಿಯತ್ತ ಹೋಯಿತು.

“ನಿನ್ನೆ ಸಂಜೆನೂ ಬಂದಿದ್ರು. ‘ಈಗಾದ್ರೂ ಬಿಡ್ತೀರೋ ಇಲ್ಲೋ’ ಅಂದ್ರು. ಅವ್ರ ಕಾರ್ ಓಡುಸ್ಕಂಡ್ ಬಂದಿದ್ದ ಹೊಸ ಡ್ರೈವರ್ರು ಒಳಗ್ ಬಂದು ನೀರು ತುಂಬುಸ್ಕಂಡ. ಬಾಟ್ಲಿ ಇಲ್ಲೇ ಮರ್ತೋದ.”

ಕಿಡ್ನಿ ಹೋಯಿತೆಂದು ತಿಳಿದ ವಾರ, ಯಮುನಾ ಬದುಕೇ ಬೇಡವೆಂದು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಆಗ ಹಾಸಿಗೆಯ ಪಕ್ಕ ಸ್ಟೂಲ್ ಹಾಕಿಕೊಂಡು ಕೂತು ಬೈದು ಬೈದು ಎಬ್ಬಿಸಿದವರು ಮಹಾದೇವಿ. ಅವರೇ ಒರತೆಗೆ ಮೊದಲ ಯಂತ್ರ ತಂದವರು. ಶ್ಯಾಮಣ್ಣನ ಮಾತು ಸುಳ್ಳಾಗಿರಲಿ ಎಂದು ಅವಳು ಮನಸಾರೆ ಬಯಸಿದಳು. ಆದರೆ ಸುಳ್ಳು ಹೇಳುವವರ ಮುಖ ನೋಡಿ ನೋಡಿಯೇ ಅವಳ ನೌಕರಿ ಸವೆದಿತ್ತು. ಈ ಮುಖ ಅಂಥದ್ದಲ್ಲ.

ದುಪಟ್ಟಾದ ತುದಿಯಲ್ಲಿ ಬಾಟಲಿಯನ್ನು ಸುತ್ತಿ ಎತ್ತಿಕೊಂಡಳು. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಮಹಾದೇವಿಯವರ ಧಾರವಾಡದ ದನಿ.

“ಯಮುನಾ, ಕೊಂದವನ್ನ ಹುಡುಕಾಕ ಹೋಗೀರಂತ, ಎಲ್ಲಿದ್ದೀರಿ? ಲಗೂನ ಬರ್ರಿ. ಆಫೀಸರಿಗೆ ಕೈಮುಗಿದು ಒಂದು ಮಷಿನ್ ಚಾಲೂ ಮಾಡಾಕ ಪರ್ಮಿಷನ್ ತೊಗೊಂಡೇನಿ. ನಿಮ್ಮ ಉಸಿರಾಟ ಭಾಳ ಕೆಟ್ಟೈತಂತ. ನಾನೇ ನಿಂತು ಸೂಜಿ ಹಾಕ್ತೀನಿ.”

“ಬರ್ತೀನಿ ಡಾಕ್ಟ್ರೇ.”

“ಓಗ್‌ಬ್ಯಾಡ ಕಣವ್ವಾ,” ಶ್ಯಾಮಣ್ಣ ಪಿಸುಗುಟ್ಟಿದ. “ಎಲ್ಲಾ ಬುಟ್ಟು ನಿನ್ನೊಬ್ಬಳ್ನೇ ಯಾಕ್ ಕರೀತಾವ್ರೆ?”

“ಅದನ್ನೇ ಕೇಳೋಕೆ ಹೋಗ್ತಿದೀನಿ. ನನ್ನ ಟವೆಲ್ ಅಲ್ಲೇ ಇದೆಯಲ್ಲ.”

*

ಬೀದಿ ದಾಟುವಷ್ಟರಲ್ಲಿ ಅವಳು ಎರಡು ಸಲ ಗೋಡೆ ಹಿಡಿದು ನಿಂತಳು. ಎದೆಯೊಳಗೆ ನೀರು ಗೊರಗೊರ ಎನ್ನುತ್ತಿತ್ತು. ಇವತ್ತು ಯಂತ್ರಕ್ಕೆ ಕೂರದಿದ್ದರೆ ನಾಳೆಯ ಮಾತೇ ಇಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕೂತರೆ ಏನಾಗುತ್ತದೋ ಗೊತ್ತಿರಲಿಲ್ಲ.

ಒಳಗೆ ಅವಳ ಕುರ್ಚಿಯ ಪಕ್ಕದ ಯಂತ್ರದಲ್ಲಿ ಹಸಿರು ದೀಪ ಹತ್ತಿತ್ತು. ಸಿಸ್ಟರ್ ವನಜಾ ಕೊಳವೆಗಳನ್ನು ಸಿದ್ಧ ಮಾಡುತ್ತಿದ್ದಳು. ಮಹಾದೇವಿ ಕೈಗವಸು ಹಾಕಿಕೊಂಡು ಕಾಯುತ್ತಿದ್ದರು. ರೋಗಿಗಳೆಲ್ಲ ತಂತಮ್ಮ ಕುರ್ಚಿಯಲ್ಲಿ ಕುತ್ತಿಗೆ ಉದ್ದ ಮಾಡಿದ್ದರು.

ಯಮುನಾ ಟವೆಲ್ ತೆಗೆದಳು, ಕೂತಳು, ಎಡಗೈ ಚಾಚಿದಳು. ಬಲಗೈಯಿಂದ ಬಾಟಲಿಯನ್ನು ಸೂಜಿಗಳ ಟ್ರೇ ಪಕ್ಕ ಇಟ್ಟಳು.

ಮುನಿಯಕ್ಕ “ಹಾ!” ಎಂದು ಎದ್ದೇಬಿಟ್ಟಳು. ಸಾಲಿಗೆ ಸಾಲೇ ಗುಜುಗುಜು ಎಂದಿತು.

“ಇದು ನಮ್ಮ ಡ್ರೈವರ್‌ನ ಬಾಟಲಿ,” ಎಂದರು ಮಹಾದೇವಿ. ಕಣ್ಣು ಒಂದಿಷ್ಟೂ ಅಳುಕಲಿಲ್ಲ. “ನಿಮಗೆಲ್ಲಿ ಸಿಕ್ತು?”

“ಹೇಳ್ತೀನಿ. ಮೊದಲು ನೀರಿಗೆ ಹನಿ ಹಾಕಿ.”

“ಆಗಲೇ ಟೆಸ್ಟ್ ಮಾಡೇನಿ ಯಮುನಾ. ಸ್ವಚ್ಛ ಐತಿ.”

“ಹನುಮೇಶನೂ ಹಾಗೇ ಹೇಳಿದ್ದ. ಇವತ್ತು ನಾವು ನೋಡ್ತೀವಿ. ಇದು ನಮ್ಮ ರಕ್ತಕ್ಕೆ ಹೋಗೋ ನೀರು, ನಮ್ಮ ಕಣ್ಣೆದುರಿಗೇ ಆಗ್ಲಿ. ವನಜಾ, ಯಂತ್ರದ ಪೈಪಿಂದಲೇ ಹಿಡಿ.”

“ಹೌದು, ನಮ್ ಎದುರ್ಗೇ ಆಗ್ಲಿ,” ಎಂದಳು ಮುನಿಯಕ್ಕ. “ಆಗ್ಲಿ,” ಎಂದ ಗಾರ್ಡ್. ಗಾರ್ಮೆಂಟ್ಸಿನ ಹುಡುಗಿ ತನ್ನ ಕುರ್ಚಿ ಬಿಟ್ಟು ಬಂದು ಯಮುನಾಳ ಬೆನ್ನಿಗೆ ನಿಂತಳು.

ವನಜಾ ಗಾಜಿನ ನಳಿಗೆಯಲ್ಲಿ ನೀರು ಹಿಡಿದಳು. ಹನಿ ಹಾಕಿ ಅಲುಗಿಸಿ, ಕಿಟಕಿಯ ಬೆಳಕಿಗೆ ಎತ್ತಿದಳು. ಒಂದು ಕ್ಷಣ ನೀರು ನೀರಾಗಿಯೇ ಇತ್ತು.

ಆಮೇಲೆ ತಳದಿಂದ ಗುಲಾಬಿ ಬಣ್ಣ ಏರಿತು.

ವನಜಾ ನಳಿಗೆಯನ್ನು ಸಾಲಿನತ್ತ ತಿರುಗಿಸಿ ತೋರಿಸಿದಳು. ಹನುಮೇಶ ಲಾಕಪ್ಪಿನಲ್ಲಿದ್ದ. ಈ ನೀರಿಗೆ ಅವನು ಕೈಹಾಕಿರಲು ಸಾಧ್ಯವೇ ಇರಲಿಲ್ಲ.

“ನೀರಿನ ಕೋಣೆ ಕೀಲಿ ಗುರುವಾರದಿಂದ ಯಾರ ಹತ್ರ ಇದೆ ಡಾಕ್ಟ್ರೇ?”

ಮಹಾದೇವಿ ನಳಿಗೆಯನ್ನೇ ನೋಡುತ್ತಿದ್ದರು. ಅವರ ಮುಖದಲ್ಲಿ ರಕ್ತವಿರಲಿಲ್ಲ. ಕೈಯಲ್ಲಿದ್ದ ಸೂಜಿ ಟ್ರೇಗೆ ಬಿದ್ದು ಟಣ್ ಎಂದಿತು.

“ನನ್ನ ಹತ್ರ,” ಎಂದರು. “ಬರೇ ನನ್ನ ಹತ್ರ.”

ಹೊರಗೆ ಮಹಾದೇವಿಯವರ ಕಾರಿನ ಬಾಗಿಲು ತೆರೆದ ಸದ್ದಾಯಿತು. ಯಮುನಾ ಎದ್ದೇಳಲಿಲ್ಲ. ಎದೆಯ ನೀರನ್ನು ತಡೆದು ಒಂದು ಉಸಿರು ಎಳೆದುಕೊಂಡಳು, ಕುರ್ಚಿಗೆ ಬೆನ್ನು ಕೊಟ್ಟಳು.

“ಶಿವಶಂಕರ್, ಮೊದಲು ಆ ಡ್ರೈವರ್‌ನ ಒಳಗೆ ಎಳ್ಕೊಂಡ್ ಬಾ,” ಎಂದಳು. “ಬೆಳಿಗ್ಗೆಯಿಂದ ಸೀಲ್, ಸೀಲ್ ಅಂತಿದ್ಯಲ್ಲ. ಆಮೇಲೆ ಬಾಗಿಲಿಗೆ ಬೀಗ ಹಾಕು. ಒಳಗಡೆಯಿಂದ.”